ಕೊಂಬುಳ್ಳ ಮೀನು: ಅದರ ಗುರುತು ಮತ್ತು ನೆಲೆ

ಲೋಕದಲ್ಲಿ ಇಲ್ಲದ ವಸ್ತುವಿಗೆ ನಮ್ಮ ಹಿರಿಯರು ‘ಮೊಲದ ಕೊಂಬು’ ಎಂದು ಉದಾಹರಣೆ ಕೊಡುತ್ತಿದ್ದರು. ‘ಮೀನಿನ ಕೊಂಬು’ ಎಂದು ಮಾತ್ರ ಅವರು ಹೇಳಲಿಲ್ಲ. ಮತ್ಸ್ಯಾವತಾರದ ಕಥೆಯಲ್ಲಿ ಪ್ರಳಯಜಲದ ನಡುವೆ ಮನುವಿನ ನಾವೆಯನ್ನು ಕಟ್ಟಿದ್ದು ಮೀನಿನ ಕೊಂಬಿಗೇ ಅಲ್ಲವೇ! ಪುರಾಣದ ಮಾತು ಪುರಾಣಕ್ಕಿರಲಿ. ಇಂದಿನ ಸಮುದ್ರದಲ್ಲಿಯೂ ಕೊಂಬುಳ್ಳ ಮೀನುಗಳು ನಿಜವಾಗಿಯೂ ಇವೆ. ಅವುಗಳಲ್ಲಿ ಕೆಲವು ನಮ್ಮ ದೇಶದ ದಡದ ಬಳಿಯಲ್ಲಿಯೇ ಇವೆ. ಆದರೆ ಕೊಂಬಿರುವುದೆಲ್ಲವೂ ಒಂದೇ ಜಾತಿಯದಲ್ಲ. ಒಂದನ್ನು ಇನ್ನೊಂದೆಂದು ತಿಳಿದರೆ ಕೈಗೆ ಗಾಯವಾಗಬಹುದು, ಹೊಟ್ಟೆಗೆ ವಿಷ ಸೇರಬಹುದು. ಆದಕಾರಣ ಈ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ರಾಮೇಶ್ವರ ಯಾತ್ರೆ ಮಾಡಿ ಬಂದ ನಮ್ಮ ಸದಸ್ಯರೊಬ್ಬರು ಶಂಖ-ಕವಡೆಗಳ ಅಂಗಡಿಯಲ್ಲಿ ಕೊಂಡ ಒಂದು ಒಣ ಮೀನನ್ನು ವಾಚನಾಲಯಕ್ಕೆ ತಂದಿದ್ದರು. ಗೇಣುದ್ದದ ಗಟ್ಟಿ ಪೆಟ್ಟಿಗೆಯಂಥ ಮೈ, ಹಣೆಯ ಮೇಲೆ ಮುಂದಕ್ಕೆ ಚಾಚಿದ ಎರಡು ಕೊಂಬು. ಪತ್ರಿಕೆಗಳ ಮೇಜಿನ ಸುತ್ತ ಕುಳಿತವರಲ್ಲಿ ಒಬ್ಬರು ಇದನ್ನು ಕೃತ್ರಿಮ ವಸ್ತು ಎಂದರು. ಇನ್ನೊಬ್ಬರು ಆಮೆಯ ಮರಿ ಎಂದರು. ಹೋಟೆಲಿನ ಅಡುಗೆಮನೆಯಲ್ಲಿ ದುಡಿಯುವ ಮೂರನೆಯವರು, ‘ಇದು ಹಸಿಯಾಗಿ ಸಿಕ್ಕಿದರೆ ಸಾರು ಮಾಡಬಹುದೇ?’ ಎಂದು ಕೇಳಿದರು. ಮೂರನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯವಾದದ್ದು. ಮೀನಿನ ಹೆಸರು ಸರಿಯಾಗಿ ತಿಳಿದ ಮೇಲಲ್ಲದೆ ಅದಕ್ಕೆ ಉತ್ತರ ಕೊಡುವಂತಿಲ್ಲ.

ಮೊದಲು ನೋಡತಕ್ಕ ನಾಲ್ಕು ಸಂಗತಿಗಳು

ಮಿಲ್ಲಿನ ಗೋದಾಮಿಗೆ ನೂಲಿನ ಬೇಲು ಬಂದಾಗ ಮೇಲಿನ ಗೋಣಿತಟ್ಟನ್ನು ನೋಡಿ ಯಾವ ಗುಮಾಸ್ತನೂ ರಿಜಿಸ್ಟರಿನಲ್ಲಿ ಬರೆದುಕೊಳ್ಳುವುದಿಲ್ಲ. ಕೌಂಟು ಎಷ್ಟು, ಲಾಟು ಯಾವುದು, ತೂಕವೆಷ್ಟು, ಯಾವ ಊರಿನಿಂದ ಬಂತು ಎಂದು ನಾಲ್ಕನ್ನೂ ತಾಳೆ ನೋಡಿದ ಮೇಲೆಯೇ ಬರೆಯುತ್ತಾನೆ. ಮೀನಿನ ವಿಷಯದಲ್ಲಿಯೂ ಕ್ರಮ ಇದೇ. ಕೊಂಬು ಕಣ್ಣಿಗೆ ಮೊದಲು ಬೀಳುವ ಗುರುತು ನಿಜ. ಅದರ ಜೊತೆಗೆ ಈ ನಾಲ್ಕನ್ನೂ ನೋಡಬೇಕು.

ಮೊದಲನೆಯದು, ಕೊಂಬು ಎಷ್ಟು ಮತ್ತು ಎಲ್ಲಿದೆ? ಎರಡನೆಯದು, ಅದು ಎಲುಬಿನಂತೆ ಗಟ್ಟಿಯೋ, ಚರ್ಮದ ಎಳೆಯಂತೆ ಮೆತ್ತಗೋ? ಮೂರನೆಯದು, ಮೈ ಎಲ್ಲ ಮೀನಿನಂತೆ ಬಾಗುತ್ತದೆಯೋ, ಪೆಟ್ಟಿಗೆಯಂತೆ ಬಿಗಿಯಾಗಿದೆಯೋ? ನಾಲ್ಕನೆಯದು, ಬಾಲದ ಬುಡದಲ್ಲಿ ಮತ್ತು ಬೆನ್ನಿನ ರೆಕ್ಕೆಯಲ್ಲಿ ಏನಿದೆ? ಇವುಗಳಿಗೆ ಉತ್ತರ ದೊರೆತರೆ, ನಮ್ಮ ಕಡಲುಗಳಲ್ಲಿ ಜನ ‘ಕೊಂಬಿನ ಮೀನು’ ಎನ್ನಬಹುದಾದ ನಾಲ್ಕು ಬಗೆಗಳನ್ನು ಯಾರಾದರೂ ಬೇರೆ ಬೇರೆ ಮಾಡಬಹುದು.

ಒಂದು: ಪೆಟ್ಟಿಗೆಯ ಮೈಯ ಹಸುಮೀನು

ಮೇಲೆ ಹೇಳಿದ ರಾಮೇಶ್ವರದ ಮೀನು ಈ ಬಗೆಯದು. ಇಂಗ್ಲಿಷಿನಲ್ಲಿ ಇದಕ್ಕೆ ಕೌ ಫಿಶ್ ಎನ್ನುತ್ತಾರೆ. ನಾವು ಹಸುಮೀನು ಎನ್ನಬಹುದು. ಶಾಸ್ತ್ರೀಯ ಹೆಸರು ಲ್ಯಾಕ್ಟೋರಿಯಾ ಕಾರ್ನೂಟ. ಕಾರ್ನೂಟ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಕೊಂಬುಳ್ಳದ್ದು. ಲ್ಯಾಕ್ಟೋರಿಯಾ ಎಂಬುದು ಹಾಲು ಎಂಬರ್ಥದ ಶಬ್ದದಿಂದ ಬಂದದ್ದು. ಸ್ವೀಡನ್ ದೇಶದ ಲಿನೇಯಸ್ ಎಂಬ ಪಂಡಿತ 1758ರಲ್ಲಿಯೇ ಇದನ್ನು ತನ್ನ ಗ್ರಂಥದಲ್ಲಿ ವರ್ಣಿಸಿದ್ದಾನೆ.

ಇದರ ಗುರುತು ಹೀಗೆ. ಎರಡೂ ಕಣ್ಣುಗಳ ಮೇಲಿನಿಂದ ಎರಡು ಕೊಂಬುಗಳು ನೇರ ಮುಂದಕ್ಕೆ ಚಾಚಿರುತ್ತವೆ. ಹೊಟ್ಟೆಯ ಹಿಂತುದಿಯಿಂದ ಇನ್ನೆರಡು ಮುಳ್ಳುಗಳು ಬಾಲದ ಕಡೆಗೆ ಚಾಚಿರುತ್ತವೆ. ನಮ್ಮವರು ಮುಂದಿನ ಎರಡನ್ನು ನೋಡಿ ಹಿಂದಿನ ಎರಡನ್ನು ಮರೆಯುತ್ತಾರೆ. ನಾಲ್ಕೂ ಇದ್ದರೆ ಗುರುತು ಗಟ್ಟಿ. ಮೈಮೇಲೆ ಸಾಮಾನ್ಯ ಮೀನಿನ ಹುರುಪೆಗಳಿಲ್ಲ. ಆರು ಮೂಲೆಯ ಎಲುಬಿನ ಬಿಲ್ಲೆಗಳು ಜೇನುಗೂಡಿನ ಕೋಣೆಗಳಂತೆ ಒಂದಕ್ಕೊಂದು ಬೆಸೆದು ಒಂದೇ ಕವಚವಾಗಿರುತ್ತವೆ. ಬಾಯಿ, ಕಣ್ಣು, ಕಿವಿರು, ರೆಕ್ಕೆ, ಬಾಲಗಳಿಗೆ ಮಾತ್ರ ಆ ಕವಚದಲ್ಲಿ ಕಿಂಡಿಗಳಿವೆ. ಒಣಗಿಸಿದರೂ ಆಕಾರ ಕೆಡದಿರುವುದಕ್ಕೆ ಕಾರಣ ಈ ಕವಚವೇ. ಕೃತ್ರಿಮ ವಸ್ತು ಎಂದವರ ಸಂಶಯವೂ, ಆಮೆ ಎಂದವರ ಊಹೆಯೂ ಹುಟ್ಟಿದ್ದು ಇದರಿಂದಲೇ. ಬದುಕಿದ್ದಾಗ ಬಣ್ಣ ಹಳದಿಯಿಂದ ಹಸಿರು ಮಿಶ್ರಿತ ಕಂದು. ಮೇಲೆ ನೀಲಿ ಇಲ್ಲವೆ ಬಿಳಿಯ ಚುಕ್ಕೆಗಳು. ಪೂರ್ತಿ ಬೆಳೆದದ್ದು 46 ಸೆಂಟಿಮೀಟರು, ಅಂದರೆ ಒಂದೂವರೆ ಅಡಿಯವರೆಗೆ ಇರುತ್ತದೆ.

ಮೈಯೆಲ್ಲ ಬಿಗಿಯಾದ್ದರಿಂದ ಬಳುಕಿ ಈಜಲು ಇದಕ್ಕೆ ಬರುವುದಿಲ್ಲ. ಬೆನ್ನಿನ, ಹೊಟ್ಟೆಯ ಹಿಂದಿನ ಮತ್ತು ಪಕ್ಕದ ಚಿಕ್ಕ ರೆಕ್ಕೆಗಳನ್ನು ಬೀಸುತ್ತ ನಿಧಾನವಾಗಿ ತೇಲುತ್ತದೆ. ನೀರಿನೊಳಗೆ ಕೈಯಿಂದ ಹಿಡಿಯಬಹುದಾದಷ್ಟು ನಿಧಾನ. ಹಿಡಿದರೆ ಗೊರಗೊರ ಸದ್ದು ಮಾಡುತ್ತದೆ. ಆಹಾರ ಹುಡುಕುವ ರೀತಿ ವಿಚಿತ್ರವಾದದ್ದು: ಬಾಯಿಂದ ನೀರನ್ನು ಮರಳಿನ ಮೇಲೆ ಊದುತ್ತದೆ, ಮರಳು ಸರಿದಾಗ ಅಡಗಿದ್ದ ಹುಳುಗಳು ಮೇಲೆ ಕಾಣುತ್ತವೆ, ಅವನ್ನು ತಿನ್ನುತ್ತದೆ. ಅಕ್ಕಸಾಲಿಗ ಊದುಗೊಳವೆಯಲ್ಲಿ ಬೂದಿ ಸರಿಸಿದಂತೆ ಎನ್ನಬಹುದು.

ಓಡಲಾರದ ಈ ಪ್ರಾಣಿಗೆ ಕವಚವಲ್ಲದೆ ಇನ್ನೊಂದು ರಕ್ಷಣೆಯೂ ಇದೆ. ಹೆದರಿದಾಗ ಅದರ ಚರ್ಮದಿಂದ ಒಂದು ಲೋಳೆ ಹೊರಡುತ್ತದೆ. ಅದು ಇತರ ಮೀನುಗಳಿಗೆ ವಿಷ. ಇದೇ ಕುಟುಂಬದ ಒಂದು ಮೀನಿನ ಈ ವಿಷವನ್ನು ಕುರಿತು ಹವಾಯಿ ದ್ವೀಪಗಳಲ್ಲಿ ನಡೆದ ಸಂಶೋಧನೆ 1964ರಲ್ಲಿ ಪ್ರಕಟವಾಯಿತು. 1967ರಲ್ಲಿ ಅದರ ರಾಸಾಯನಿಕ ಸ್ವರೂಪವೂ ಗೊತ್ತಾಯಿತು. ಬಕೆಟ್ಟಿನಲ್ಲಿಯೋ ಗಾಜಿನ ತೊಟ್ಟಿಯಲ್ಲಿಯೋ ಇದನ್ನು ಇತರ ಮೀನುಗಳೊಡನೆ ಬಿಟ್ಟು ಗಾಬರಿಪಡಿಸಿದರೆ, ಉಳಿದವೂ ಸಾಯಬಹುದು, ಕೊನೆಗೆ ಅದೂ ಸಾಯಬಹುದು. ಮನೆಯಲ್ಲಿ ಮಕ್ಕಳ ಸಂತೋಷಕ್ಕಾಗಿ ಮೀನಿನ ತೊಟ್ಟಿ ಇಟ್ಟಿರುವ ಬಂಧುಗಳು ಇದನ್ನು ಗಮನಿಸಬೇಕು. ಅಂಗಡಿಯಲ್ಲಿ ಬೆರಳುದ್ದದ ಮರಿಯಾಗಿ ಕಂಡದ್ದು ಒಂದೂವರೆ ಅಡಿ ಬೆಳೆಯುವ ಪ್ರಾಣಿ, ಉಪ್ಪುನೀರು ಬೇಕು, ನಮ್ಮ ಚಾಳಿನ ಕೋಣೆಯ ಸಿಹಿನೀರ ತೊಟ್ಟಿಯಲ್ಲಿ ಅದು ಬದುಕುವುದಿಲ್ಲ.

ಇದರ ಹತ್ತಿರದ ನೆಂಟನೊಂದು ನಮ್ಮ ಕಡಲಿನ ಟ್ರಾಲ್ ಬೋಟುಗಳ ಬಲೆಗೂ ಬೀಳುತ್ತದೆ. ಅದರ ಹೆಸರು ಟೆಟ್ರೊಸೋಮಸ್ ಗಿಬ್ಬೋಸಸ್. ಅದರ ಮೈ ಅಡ್ಡ ಕೊಯ್ದರೆ ಮುಕ್ಕೋಣಾಕಾರ. ಬೆನ್ನು ಗೋಪುರದಂತೆ ಎತ್ತರವಾಗಿ, ತುದಿಯಲ್ಲಿ ಅಗಲವಾದ ಮುಳ್ಳೊಂದಿರುತ್ತದೆ. ಕಣ್ಣಿನ ಮೇಲೆ ಚಿಕ್ಕ ಮುಳ್ಳು ಉಂಟೇ ಹೊರತು ಉದ್ದನೆಯ ಕೊಂಬಿಲ್ಲ. ಮರಳು ಮತ್ತು ಕಡಲಹುಲ್ಲಿನ ತಳದಲ್ಲಿ ಇರುವುದರಿಂದ ತಳ ಗೋರುವ ಬಲೆಗೆ ಇದು ಸಿಗುತ್ತದೆ. ಕರಾವಳಿಯ ಬಂದರುಗಳಲ್ಲಿ ಕೆಲಸ ಮಾಡಿದವರು ಇದನ್ನು ಕಸಮೀನಿನ ರಾಶಿಯಲ್ಲಿ ಕಂಡಿರಬಹುದು.

ಪುಣೆಯ ಮೋಟಾರು ಕಾರ್ಖಾನೆಗಳಲ್ಲಿ ದುಡಿಯುವ ಸ್ನೇಹಿತರಿಗೆ ರುಚಿಸುವ ಸಂಗತಿಯೊಂದಿದೆ. ಚಾಕಣದಲ್ಲಿ ಕಾರ್ಖಾನೆಯುಳ್ಳ ಮರ್ಸಿಡಿಸ್ ಬೆಂಜ್ ಕಂಪನಿ 2005ರಲ್ಲಿ ಇದೇ ಕುಟುಂಬದ ಹಳದಿ ಪೆಟ್ಟಿಗೆ ಮೀನಿನ ಆಕಾರ ನೋಡಿ ಒಂದು ಪ್ರಯೋಗದ ಕಾರನ್ನು ರಚಿಸಿತು. ಮೀನಿನ ಮೈ ನೀರನ್ನು ಸುಲಭವಾಗಿ ಸೀಳುತ್ತದೆ, ಮತ್ತು ತಾನೇ ತಾನಾಗಿ ನೆಟ್ಟಗೆ ನಿಲ್ಲುತ್ತದೆ ಎಂಬುದು ಆಗಿನ ಅಭಿಪ್ರಾಯ. 2015ರಲ್ಲಿ ವಿಜ್ಞಾನಿಗಳು ಮತ್ತೆ ಅಳೆದು ನೋಡಿದಾಗ ಆ ಮೈ ನೀರಿಗೆ ಅಷ್ಟೇನೂ ಸಲೀಸಲ್ಲವೆಂದೂ, ಸ್ವಭಾವತಃ ಸ್ಥಿರವೂ ಅಲ್ಲವೆಂದೂ ತಿಳಿಯಿತು. ಸ್ಥಿರವಲ್ಲದ್ದರಿಂದಲೇ ಅದು ಹವಳದ ಇಕ್ಕಟ್ಟಿನಲ್ಲಿ ಥಟ್ಟನೆ ತಿರುಗಬಲ್ಲದು. ನೆಟ್ಟನೆಯ ರಸ್ತೆಯ ಓಟಕ್ಕಿಂತ ಪೇಠೆಯ ಓಣಿಗಳ ತಿರುವಿಗೆ ಒಗ್ಗಿದ ಮೈ ಅದು.

ಎರಡು: ಒಂಟಿಕೊಂಬಿನ ಮೀನು

ಇದರ ಕೊಂಬು ಒಂದೇ. ಅದೂ ಹಣೆಯ ನಡುವೆ, ಕಣ್ಣುಗಳ ಮುಂದೆ. ಮೈ ಪೆಟ್ಟಿಗೆಯಲ್ಲ, ಚಪ್ಪಟೆಯಾಗಿ, ಒರಟು ಚರ್ಮದಿಂದ ಕೂಡಿದ್ದು, ಇತರ ಮೀನುಗಳಂತೆ ಬಳುಕುತ್ತದೆ. ಶಾಸ್ತ್ರೀಯ ಹೆಸರು ನಾಸೋ ಯೂನಿಕಾರ್ನಿಸ್. ಉದ್ದ 70 ಸೆಂಟಿಮೀಟರಿನವರೆಗೆ. ಮರಿಗೆ ಕೊಂಬಿಲ್ಲ, ಮೈ ಸುಮಾರು 12 ಸೆಂಟಿಮೀಟರು ಆದ ಮೇಲೆ ಅದು ಮೂಡಲು ಆರಂಭಿಸುತ್ತದೆ. ಆದ್ದರಿಂದ ಕೊಂಬಿಲ್ಲವೆಂದ ಮಾತ್ರಕ್ಕೆ ಈ ಜಾತಿಯಲ್ಲವೆಂದು ತೀರ್ಮಾನಿಸಲಾಗದು. ಇದರ ನಿಜವಾದ ಮುದ್ರೆ ಇರುವುದು ಬಾಲದ ಬುಡದಲ್ಲಿ: ಎರಡು ಪಕ್ಕದಲ್ಲಿಯೂ ಎರಡೆರಡು ನೀಲಿ ಬಿಲ್ಲೆಗಳು, ಪ್ರತಿಯೊಂದರ ಮೇಲೆ ಚಾಕುವಿನಂಥ ಹರಿತವಾದ ಅಲಗು. ಈ ಅಲಗುಗಳಿಗಾಗಿಯೇ ಇದರ ಕುಟುಂಬಕ್ಕೆ ಸರ್ಜನ್ ಮೀನುಗಳು ಎಂಬ ಹೆಸರು ಬಂದಿದೆ. ಇದರ ಆಹಾರ ಕಡಲ ಪಾಚಿ. ಅನೇಕ ದ್ವೀಪಗಳ ಜನ ಇದನ್ನು ತಿನ್ನುತ್ತಾರೆ. ಆದರೆ ಬಾಲವನ್ನು ಬರಿಗೈಯಲ್ಲಿ ಬಿಗಿಯಾಗಿ ಹಿಡಿದವರ ಅಂಗೈ ಸೀಳಿತೆಂದೇ ತಿಳಿಯಬೇಕು. ಕೊಂಬಿಗೆ ಹೆದರಿ ಬಾಲ ಹಿಡಿಯುವವನಿಗೆ ಇದೇ ಪಾಠ.

ಈ ಮೀನಿನ ಹೆಸರಿನ ಹಿಂದೆ ಒಂದು ದುಃಖದ ಕಥೆ ಇದೆ. ಲಿನೇಯಸನ ಶಿಷ್ಯನಾದ ಫೋರ್ಸ್ಕಾಲ್ ಎಂಬಾತ ಡೆನ್ಮಾರ್ಕಿನ ರಾಜನು ಅರಬ್ಬೀ ದೇಶಕ್ಕೆ ಕಳಿಸಿದ ತಂಡದಲ್ಲಿ ಹೋಗಿ ಕೆಂಪು ಸಮುದ್ರದ ಮೀನುಗಳ ವಿವರ ಬರೆದುಕೊಂಡನು. 1763ರಲ್ಲಿ ಯೆಮನ್ ದೇಶದಲ್ಲಿ ಜ್ವರದಿಂದ ತೀರಿಕೊಂಡನು. ತಂಡದಲ್ಲಿ ಬದುಕಿ ಉಳಿದ ನೀಬುರ್ ಎಂಬೊಬ್ಬನು ಅದೇ ವರ್ಷ ನಮ್ಮ ಮುಂಬಯಿಗೆ ಬಂದು, ಒಂದು ವರ್ಷಕ್ಕೂ ಹೆಚ್ಚು ಕಾಲ ಇಲ್ಲಿದ್ದು, ಆಮೇಲೆ ಸ್ವದೇಶಕ್ಕೆ ಹಿಂತಿರುಗಿದನು. ಸತ್ತ ಗೆಳೆಯನ ಬರಹಗಳನ್ನು 1775ರಲ್ಲಿ ಅವನೇ ಅಚ್ಚು ಹಾಕಿಸಿದನು. ಒಂಟಿಕೊಂಬಿನ ಮೀನಿನ ವರ್ಣನೆ ಆ ಗ್ರಂಥದಿಂದಲೇ ಲೋಕಕ್ಕೆ ತಿಳಿಯಿತು.

ಮೂರು: ಬಾವುಟದಂಥ ರೆಕ್ಕೆಯ ಮೀನು

ಅಗಲವಾದ ಚಪ್ಪಟೆ ಮೈ, ಕಪ್ಪು-ಬಿಳಿ-ಹಳದಿ ಪಟ್ಟೆಗಳು, ಬೆನ್ನಿನಿಂದ ಹಿಂದಕ್ಕೆ ಹಾರುವ ಉದ್ದನೆಯ ಬಿಳಿ ಎಳೆ: ಇಂಥ ಚಿತ್ರವನ್ನು ನಮ್ಮಲ್ಲಿ ಅನೇಕರು ಕ್ಯಾಲೆಂಡರಿನಲ್ಲಿ ಕಂಡಿರುತ್ತಾರೆ. ಇದರ ಹೆಸರು ಜಾಂಕ್ಲಸ್ ಕಾರ್ನೂಟಸ್. ಇಂಗ್ಲಿಷಿನಲ್ಲಿ ಮೂರಿಶ್ ಐಡಲ್. ಈ ಹೆಸರಿನಲ್ಲಿಯೂ ಕೊಂಬಿನ ಮಾತು ಬಂದಿತು. ಬೆಳೆದ ಮೀನಿನ ಕಣ್ಣುಗಳ ಮುಂದೆ ಚಿಕ್ಕ ಎಲುಬಿನ ಮೊನೆಗಳಿವೆ. ಹತ್ತಿರದಿಂದ ನೋಡಿದವರಿಗಷ್ಟೇ ಕಾಣುವಂಥವು. ಉದ್ದ 23 ಸೆಂಟಿಮೀಟರಿಗೆ ಮೀರದು.

ಇದನ್ನು ಹೋಲುವ ಇನ್ನೊಂದು ಮೀನು ಹೆನಿಯೋಕಸ್ ಅಕ್ಯುಮಿನೇಟಸ್. ಅದಕ್ಕೂ ಬೆನ್ನಿನ ಬಿಳಿ ಎಳೆ ಉಂಟು. ಎರಡನ್ನೂ ಬೇರೆ ಮಾಡಲು ಬಾಲವನ್ನು ನೋಡಿದರೆ ಸಾಕು: ಜಾಂಕ್ಲಸ್ ಮೀನಿನ ಬಾಲ ಕಪ್ಪು, ಹೆನಿಯೋಕಸ್ ಮೀನಿನ ಬಾಲ ಹಳದಿ. ಇವುಗಳ ‘ಕೊಂಬಿ’ನಿಂದ ಯಾರಿಗೂ ಅಪಾಯವಿಲ್ಲ.

ನಾಲ್ಕು: ಸಿಂಹಮೀನು

ಎಲ್ಲಕ್ಕಿಂತ ಎಚ್ಚರಿಕೆಯಿಂದ ಗುರುತಿಸಬೇಕಾದದ್ದು ಇದು. ಕೆಂಪು-ಕಂದು ಮತ್ತು ಬಿಳಿ ಪಟ್ಟೆಗಳ ಮೈ, ನವಿಲಿನ ಗರಿಯಂತೆ ಬಿಚ್ಚಿದ ಪಕ್ಕದ ರೆಕ್ಕೆಗಳು. ಕಣ್ಣುಗಳ ಮೇಲೆ ಎರಡು ಕೊಂಬುಗಳಂತೆ ಕಾಣುವುದು ಗಟ್ಟಿಯಾದದ್ದಲ್ಲ. ಬೆರಳಿನಿಂದ ಮುಟ್ಟಿದರೆ ಬಾಗುವ ಚರ್ಮದ ಎಳೆಗಳು. ಇದರ ಗಣ ಟೆರೋಯಿಸ್. ಬೆನ್ನಿನ ಮೇಲೆ ಬೇರೆ ಬೇರೆಯಾಗಿ ನಿಂತ ಉದ್ದನೆಯ 13 ಮುಳ್ಳುಗಳಿವೆ. ಅವುಗಳಲ್ಲಿಯೂ, ಹೊಟ್ಟೆಯ ಕೆಳಗಿನ ಕೆಲವು ಮುಳ್ಳುಗಳಲ್ಲಿಯೂ ವಿಷವಿದೆ. ಮೀನು ಸತ್ತ ಮೇಲೆಯೂ ಸ್ವಲ್ಪ ಕಾಲ ಆ ವಿಷಕ್ಕೆ ಶಕ್ತಿ ಇರುತ್ತದೆ. ಮೀನಿನ ಬುಟ್ಟಿಯೊಳಗೆ ನೋಡದೆ ಕೈ ಹಾಕುವ ಅಡುಗೆಮನೆಯ ಸೋದರರು ಇದನ್ನು ಮುಖ್ಯವಾಗಿ ನೆನಪಿಡಬೇಕು.

ಮುಳ್ಳು ಚುಚ್ಚಿದರೆ ಉರಿ ಬಹಳ ಜೋರಾಗಿರುತ್ತದೆ. ಈ ವಿಷ ಬಿಸಿಗೆ ಕೆಡುವಂಥದು. ಆದ್ದರಿಂದ ಚುಚ್ಚಿದ ಭಾಗವನ್ನು ತಾಳಿಕೊಳ್ಳುವಷ್ಟು ಬಿಸಿನೀರಿನಲ್ಲಿ, ಅಂದರೆ ಸುಮಾರು 45 ಡಿಗ್ರಿ ಸೆಂಟಿಗ್ರೇಡಿನಲ್ಲಿ, ಅರ್ಧ ಗಂಟೆಯಿಂದ ಒಂದೂವರೆ ಗಂಟೆಯವರೆಗೆ ಮುಳುಗಿಸಿಡಬೇಕು. ನೀರಿನ ಬಿಸಿಯನ್ನು ಮೊದಲು ನೋವಿಲ್ಲದ ಇನ್ನೊಂದು ಕೈಯಿಂದ ನೋಡಬೇಕು. ನೊಂದ ಕೈಗೆ ಬಿಸಿ ಸರಿಯಾಗಿ ತಿಳಿಯದೆ ಚರ್ಮ ಸುಟ್ಟುಕೊಳ್ಳಬಹುದು. ಆಮೇಲೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಉಸಿರಾಟಕ್ಕೆ ತೊಂದರೆಯಾದರೆ, ತಲೆ ಸುತ್ತಿದರೆ ಬಿಸಿನೀರಿಗೆಂದು ಕಾಯದೆ ಕೂಡಲೇ ಹೋಗತಕ್ಕದ್ದು.

ಸಾರಿನ ಪ್ರಶ್ನೆಗೆ ಉತ್ತರ

ಗಣೇಶ ಪೇಠೆಯ ಮಾರುಕಟ್ಟೆಯಲ್ಲಿ ನಮಗೆ ಸಿಗುವುದು ಬಹುಪಾಲು ಬಂಗಡೆ, ಪಾಪ್ಲೇಟು, ಸುರಮಯಿ ಮೊದಲಾದ ಪರಿಚಿತ ಮೀನುಗಳೇ. ಆದರೆ ಊರಿಗೆ ಹೋದಾಗ ಬಂದರಿನಲ್ಲಿ ‘ಪುಕ್ಕಟೆ ತೆಗೆದುಕೊಂಡು ಹೋಗು’ ಎಂದು ಕೊಟ್ಟ ರಾಶಿಯಲ್ಲಿ ಏನಿರುತ್ತದೋ ಹೇಳಲಾಗದು. ಪೆಟ್ಟಿಗೆ ಮೀನುಗಳನ್ನು ಕೆಲವು ದೇಶಗಳಲ್ಲಿ ತಿನ್ನುತ್ತಾರೆಂಬುದು ನಿಜ. ಆದರೆ ಜಪಾನಿನಲ್ಲಿ ಈ ಕುಟುಂಬದ ಮೀನು ತಿಂದವರಿಗೆ ಮೈಯ ಸ್ನಾಯುಗಳಲ್ಲಿ ತೀವ್ರವಾದ ನೋವು ಬಂದು, ಮೂತ್ರ ಕಪ್ಪಾಗಿ, ಸಾವೂ ಸಂಭವಿಸಿದೆ. ಮೈ ಊದಿಸಿಕೊಳ್ಳುವ ಪಫರ್ ಮೀನು ಇವುಗಳಿಗೆ ದೂರದ ಬಂಧು. ಅದರ ವಿಷವಂತೂ ಎಷ್ಟು ಬೇಯಿಸಿದರೂ ಹೋಗುವುದಿಲ್ಲ. ಆದಕಾರಣ ಗಟ್ಟಿ ಕವಚದ ಮೀನು, ಊದುವ ಮೀನು, ಇವೆರಡನ್ನೂ ಸಾರಿಗೆ ಹಾಕಬಾರದು. ಬಡವನ ಮನೆಯಲ್ಲಿ ಒಂದು ಹೊತ್ತಿನ ಮೀನು ಉಳಿಸಲು ಹೋಗಿ ದುಡಿಯುವ ಕೈಯನ್ನೇ ಕಳೆದುಕೊಳ್ಳುವುದು ಬೇಡ.

ಇವುಗಳ ನೆಲೆ

ಈ ನಾಲ್ಕು ಬಗೆಗಳಿಗೂ ತವರು ಉಷ್ಣವಲಯದ ಸಮುದ್ರದ ಹವಳದ ದಿಬ್ಬ. ಹವಳ ಎಂದರೆ ಕಲ್ಲಲ್ಲ, ಗಿಡವೂ ಅಲ್ಲ. ಕಾಳಿನಷ್ಟು ಚಿಕ್ಕ ಪ್ರಾಣಿಗಳು ಸುಣ್ಣದ ಗೂಡು ಕಟ್ಟಿಕೊಂಡು ಒಂದರ ಪಕ್ಕ ಒಂದು ಬಾಳುತ್ತವೆ. ಹಳೆಯವು ಸತ್ತ ಮೇಲೆ ಅವುಗಳ ಗೂಡಿನ ಮೇಲೆ ಹೊಸವು ಕಟ್ಟುತ್ತವೆ. ಗಟ್ಟಿ ಗುಂಡಾದ ಹವಳ ವರ್ಷಕ್ಕೆ ಒಂದು ಸೆಂಟಿಮೀಟರಿನಷ್ಟು ಬೆಳೆಯುವುದೂ ಕಷ್ಟ. ಅವುಗಳ ಮೈಯೊಳಗೆ ಅತಿ ಸೂಕ್ಷ್ಮವಾದ ಪಾಚಿ ವಾಸಿಸುತ್ತದೆ. ಅದು ಬಿಸಿಲಿನಿಂದ ಆಹಾರ ತಯಾರಿಸಿ ಹವಳಕ್ಕೂ ಪಾಲು ಕೊಡುತ್ತದೆ. ಆದ್ದರಿಂದ ಹವಳಕ್ಕೆ ಬೆಚ್ಚಗಿನ ನೀರು, ತಿಳಿಯಾದ ನೀರು, ಬಿಸಿಲು, ಈ ಮೂರೂ ಬೇಕು.

ನಮ್ಮ ಕರ್ನಾಟಕದ ದಡದಲ್ಲಿ ದೊಡ್ಡ ಹವಳದ ದಿಬ್ಬಗಳಿಲ್ಲದಿರುವುದಕ್ಕೆ ಕಾರಣ ಇದರಿಂದಲೇ ತಿಳಿಯುತ್ತದೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ನೇತ್ರಾವತಿ ಮೊದಲಾದ ನದಿಗಳು ಮಳೆಗಾಲದಲ್ಲಿ ಘಟ್ಟದ ಕೆಂಪು ಮಣ್ಣನ್ನು ತಂದು ಕಡಲಿಗೆ ಸುರಿಯುತ್ತವೆ. ನೀರು ಕದಡಿ, ಬಿಸಿಲು ಕೆಳಗಿಳಿಯದೆ, ಹೂಳು ಹವಳದ ಬಾಯಿ ಮುಚ್ಚುತ್ತದೆ. ದಡದಿಂದ ದೂರ ಹೋದಂತೆ ನೀರು ತಿಳಿಯಾಗುತ್ತದೆ. ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರು ದೂರದ ನೇತ್ರಾಣಿ ದ್ವೀಪದ ಸುತ್ತಲಿನ ಬಂಡೆಗಳ ಮೇಲೆ ಹವಳ ಬೆಳೆದಿದೆ. ಚಿಟ್ಟೆಮೀನು, ಗಿಳಿಮೀನು ಮುಂತಾದ ಹವಳದ ಮೀನುಗಳು ಅಲ್ಲಿವೆ. ನೌಕಾಪಡೆಯವರು ಈ ದ್ವೀಪವನ್ನು ಗುರಿ ಅಭ್ಯಾಸಕ್ಕೆ ಬಳಸಿದ್ದೂ ಉಂಟು. ನಾವಿರುವ ಈ ರಾಜ್ಯದಲ್ಲಿ ಮಾಲವಣದ ಬಳಿಯ ಬಂಡೆಗಳಲ್ಲಿ ಹವಳವಿದೆ. ಆ ಪ್ರದೇಶವನ್ನು 1987ರಲ್ಲಿ ಸಾಗರ ಅಭಯಾರಣ್ಯವೆಂದು ಘೋಷಿಸಲಾಯಿತು.

ನಿಜವಾದ ಹವಳದ ನಾಡೆಂದರೆ ಲಕ್ಷದ್ವೀಪ. ಕೇರಳದ ದಡದಿಂದ 220ರಿಂದ 440 ಕಿಲೋಮೀಟರು ದೂರದಲ್ಲಿರುವ 36 ದ್ವೀಪಗಳಿವು. ನೆಲವೆಲ್ಲ ಕೂಡಿದರೆ 32 ಚದರ ಕಿಲೋಮೀಟರು ಮಾತ್ರ. ಆ ನೆಲವೇ ಹವಳ ಕಟ್ಟಿದ್ದು. ಕನ್ನಡಿಗರಿಗೂ ಈ ದ್ವೀಪಗಳಿಗೂ ಹಳೆಯ ನಂಟಿದೆ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರ ಎಂಬ ಅಮೀನದೀವಿ ದ್ವೀಪಗಳು ಟೀಪೂ ಸುಲ್ತಾನನ ಆಳಿಕೆಯಲ್ಲಿದ್ದವು. 1799ರ ನಂತರ ಇಂಗ್ಲಿಷರ ಕೈಸೇರಿ, 1956ರವರೆಗೆ ಮಂಗಳೂರಿನಿಂದ ಆಡಳಿತ ನಡೆಯುತ್ತಿದ್ದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಜೋನ್ಸ್ ಮತ್ತು ಕುಮಾರನ್ ಎಂಬಿಬ್ಬರು ವಿದ್ವಾಂಸರು ಈ ದ್ವೀಪಗಳ ಮೀನುಗಳನ್ನು ಕುರಿತು 1980ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ 603 ಜಾತಿಗಳ ವಿವರವಿದೆ. ಒಂಟಿಕೊಂಬಿನ ಮೀನು ಮತ್ತು ಬಾವುಟದ ಜಾಂಕ್ಲಸ್ ಮೀನಿಗೆ ಇದು ಒಳ್ಳೆಯ ನೆಲೆ.

ಹಸುಮೀನು ಸಿಕ್ಕ ರಾಮೇಶ್ವರದ ಪಕ್ಕದಲ್ಲಿರುವುದು ಮನ್ನಾರ್ ಕೊಲ್ಲಿ. ಅಲ್ಲಿನ 21 ಚಿಕ್ಕ ದ್ವೀಪಗಳ ಸುತ್ತ ಹವಳವೂ ಕಡಲಹುಲ್ಲೂ ಇವೆ. 1986ರಲ್ಲಿ ಅದನ್ನು ಸಾಗರ ರಾಷ್ಟ್ರೀಯ ಉದ್ಯಾನವೆಂದು ಸಾರಲಾಯಿತು. 1947ರಲ್ಲಿ ಆರಂಭವಾದ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಹಿಂದೆ ಬಹುಕಾಲ ಸಮೀಪದ ಮಂಟಪಂ ಎಂಬ ಊರಿನಲ್ಲಿಯೇ ಇತ್ತು. ಅದರ ಮುಖ್ಯ ಕಚೇರಿ ಈಗ ಕೊಚ್ಚಿಯಲ್ಲಿದೆ.

ಒಂದೇ ದಿಬ್ಬದಲ್ಲಿದ್ದರೂ ಇವುಗಳ ಬಿಡಾರ ಬೇರೆ ಬೇರೆ. ಒಂದೇ ಚಾಳಿನಲ್ಲಿ ರಾತ್ರಿಪಾಳಿಯವನೂ ಹಗಲುಪಾಳಿಯವನೂ ಬಾಳುವಂತೆ ಎನ್ನೋಣ. ದಿಬ್ಬದ ಒಳಗಡೆಯ ಶಾಂತವಾದ ನೀರು, ಮರಳು, ಹುಲ್ಲು ಇರುವಲ್ಲಿ ಹಸುಮೀನು. ಅದರ ಮರಿಗಳು ನದಿಯ ಬಾಯಿಯಲ್ಲಿಯೂ ಸಿಗುತ್ತವೆ. ತೆರೆ ಬಡಿಯುವ ಹೊರ ಅಂಚಿನಲ್ಲಿ ಪಾಚಿ ಮೇಯುವುದು ಒಂಟಿಕೊಂಬಿನ ಮೀನು. ಹವಳದ ಗೋಡೆಯ ಸಂದಿಗಳಲ್ಲಿ ಜೋಡಿಯಾಗಿಯೋ ಗುಂಪಾಗಿಯೋ ತಿರುಗುವುದು ಜಾಂಕ್ಲಸ್. ಹಗಲು ಬಂಡೆಯ ನೆರಳಿನಲ್ಲಿ ಅಡಗಿ, ಕತ್ತಲಾಗುವಾಗ ಬೇಟೆಗೆ ಹೊರಡುವುದು ಸಿಂಹಮೀನು. ಆದ್ದರಿಂದ ಮೀನು ಎಲ್ಲಿ ಸಿಕ್ಕಿತು ಎಂಬ ಮಾತು ಅದರ ಗುರುತಿನ ಅರ್ಧ ಪಾಲು.

ನೆಲೆಗೆ ಬಂದಿರುವ ಕೇಡು

ಸಮುದ್ರದ ನೀರು ವಾಡಿಕೆಗಿಂತ ಒಂದೆರಡು ಡಿಗ್ರಿ ಹೆಚ್ಚು ಬಿಸಿಯಾಗಿ ಕೆಲವು ವಾರ ಹಾಗೆಯೇ ನಿಂತರೆ, ಹವಳವು ತನ್ನೊಳಗಿನ ಪಾಚಿಯನ್ನು ಹೊರಗೆ ಹಾಕಿ ಬೆಳ್ಳಗಾಗುತ್ತದೆ. ಬೇಗ ತಂಪಾಗದಿದ್ದರೆ ಹಸಿದು ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016 ಮತ್ತು 2024ರಲ್ಲಿ ಹೀಗಾಯಿತು. ಮೊದಲ ಎರಡರ ನಡುವೆ 12 ವರ್ಷ ಬಿಡುವಿತ್ತು. ಆಮೇಲೆ 6, ಆಮೇಲೆ 8. ವರ್ಷಕ್ಕೆ ಬೆರಳಗಲ ಬೆಳೆಯುವ ಜೀವಕ್ಕೆ ಇಷ್ಟು ಬಿಡುವು ಸಾಲದು. ಹವಳ ಸತ್ತರೆ ದಿಬ್ಬ ಪುಡಿಯಾಗುತ್ತದೆ. ಮೀನುಗಳಿಗೆ ನೆಲೆ ತಪ್ಪುತ್ತದೆ. ದ್ವೀಪದ ಜನರಿಗೆ ತೆರೆಯ ಹೊಡೆತವನ್ನು ತಡೆಯುವ ಗೋಡೆ ಇಲ್ಲವಾಗುತ್ತದೆ. ಹೊಟ್ಟೆಪಾಡಿಗೆ ಊರು ಬಿಟ್ಟು ಬಂದ ನಮಗೆ ನೆಲೆ ತಪ್ಪುವುದೆಂದರೇನೆಂದು ವಿವರಿಸಬೇಕಾದ್ದಿಲ್ಲ. ನಾವು ರೈಲು ಹತ್ತಿ ಬಂದೆವು; ಮರಳು ಊದುತ್ತ ನಿಧಾನವಾಗಿ ಚಲಿಸುವ ಮೀನು ಎಲ್ಲಿಗೆ ಹೋದೀತು?

ಯಾತ್ರೆಗೆ ಹೋಗುವವರಿಗೊಂದು ಸೂಚನೆ. ಕಡಲ ತೀರದಲ್ಲಿ ಹವಳದ ತುಂಡು, ಕಡಲಬೀಸಣಿಗೆ, ಒಣ ಕಡಲಕುದುರೆಗಳನ್ನು ಮಾರಲು ತಂದರೆ ಕೊಳ್ಳಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆ 2001ರಿಂದ ಇವುಗಳಿಗೂ ಇದೆ. ಕೊಂಡರೂ ಮಾರಿದರೂ ಜೈಲುಶಿಕ್ಷೆ ಆಗಬಹುದು. ಒಣ ಹಸುಮೀನನ್ನೂ ಕೊಳ್ಳದಿರುವುದೇ ಮೇಲು. ಕೊಳ್ಳುವವನಿದ್ದರೆ ಹಿಡಿಯುವವನಿದ್ದೇ ಇರುತ್ತಾನೆ.

ಗುರುತು ಬರೆದಿಡುವ ಕ್ರಮ

ವಿಚಿತ್ರ ಮೀನೊಂದು ಕಂಡರೆ ಏನು ಮಾಡಬೇಕು? ಬರಿಗೈಯಲ್ಲಿ ಮುಟ್ಟಬೇಡಿ. ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಟ್ಟು ಮೊಬೈಲಿನಿಂದ ನಾಲ್ಕು ಚಿತ್ರ ತೆಗೆಯಿರಿ: ಒಂದು ಪಕ್ಕದಿಂದ, ಒಂದು ಮೇಲಿನಿಂದ, ಒಂದು ಮುಖದ್ದು, ಒಂದು ಬಾಲದ ಬುಡದ್ದು. ಬಣ್ಣವನ್ನು ಕೂಡಲೇ ಬರೆದುಕೊಳ್ಳಿ. ಮೀನು ಸತ್ತ ಮೇಲೆ ಬಣ್ಣ ಬೇಗ ಮಾಸುತ್ತದೆ. ಸಿಕ್ಕಿದ ದಿನ, ಊರು, ಬಲೆಯ ಬಗೆ, ತಳ ಮರಳೋ ಬಂಡೆಯೋ ಎಂಬುದನ್ನು ಮೀನುಗಾರರನ್ನೇ ಕೇಳಿ ಬರೆಯಿರಿ. ಹೀಗೆ ವಿವರವಿದ್ದರೆ ತಜ್ಞರಿಗೆ ಹೆಸರು ಹೇಳುವುದು ಸುಲಭ. ಅಂಥ ತಜ್ಞರು ನಮ್ಮ ಪುಣೆಯಲ್ಲಿಯೇ ಇದ್ದಾರೆಂಬುದು ಅನೇಕರಿಗೆ ತಿಳಿಯದು. ಭಾರತೀಯ ಪ್ರಾಣಿ ಸರ್ವೇಕ್ಷಣ ಇಲಾಖೆಯ ಪಶ್ಚಿಮ ಪ್ರಾದೇಶಿಕ ಕೇಂದ್ರ 1959ರಲ್ಲಿ ಇಲ್ಲಿ ಸ್ಥಾಪನೆಯಾಯಿತು, ಈಗ ಆಕುರ್ಡಿಯಲ್ಲಿದೆ. ಪಿಂಪ್ರಿ, ಚಿಂಚವಾಡದ ಕಾರ್ಖಾನೆಗಳಿಗೆ ಹೋಗುವ ನಮ್ಮವರು ದಿನಾಲು ಆ ದಾರಿಯಲ್ಲಿಯೇ ಓಡಾಡುತ್ತಾರೆ.

ಕೊನೆಗೆ ಒಂದು ವಿನಂತಿ. ಈ ಲೇಖನದಲ್ಲಿ ಹೆಸರುಗಳೆಲ್ಲ ಲ್ಯಾಟಿನ್, ಇಂಗ್ಲಿಷುಗಳಿಂದ ಬಂದವು. ಆದರೆ ಮೊಗವೀರ, ಖಾರ್ವಿ, ಹರಿಕಂತ್ರ ಮನೆತನಗಳಲ್ಲಿ ಹುಟ್ಟಿ ಬೆಳೆದ ಸದಸ್ಯರು ನಮ್ಮಲ್ಲಿದ್ದಾರೆ. ತಂದೆ, ಅಜ್ಜಂದಿರು ಬಲೆ ಎಳೆಯುವಾಗ ಈ ಮೀನುಗಳಿಗೆ ಏನೆಂದು ಕರೆಯುತ್ತಿದ್ದರು, ಯಾವುದನ್ನು ಬಲೆಯಿಂದ ಎತ್ತಿ ಹೊರಗೆಸೆಯುತ್ತಿದ್ದರು, ಯಾವುದನ್ನು ಮಕ್ಕಳಿಗೆ ಮುಟ್ಟಗೊಡುತ್ತಿರಲಿಲ್ಲ ಎಂಬುದು ಅವರಿಗೆ ನೆನಪಿರಬಹುದು. ಕನ್ನಡವಾಗಲಿ, ತುಳುವಾಗಲಿ, ಕೊಂಕಣಿಯಾಗಲಿ, ಆ ಹೆಸರುಗಳನ್ನು ಬರೆಯಲು ವಾಚನಾಲಯದಲ್ಲಿ ಒಂದು ನೋಟುಬುಕ್ಕು ಇಟ್ಟಿದೆ. ಊರಿನ ಹೆಸರನ್ನೂ ಜೊತೆಗೆ ಬರೆಯಲು ಮರೆಯಬಾರದು. ಸಮುದ್ರದ ಕೆಲಸ ಬಿಟ್ಟು ನೂಲು, ಯಂತ್ರ, ಲೆಕ್ಕಗಳ ಕೆಲಸಕ್ಕೆ ಬಂದ ನಮ್ಮ ತಲೆಮಾರಿನೊಡನೆ ಆ ಮಾತುಗಳು ಮುಗಿದುಹೋಗದಿರಲಿ.